ಚಿಲಕದ ದಾರ ಹೊರಗೇ ಇತ್ತು

ಬಾಗಿಲು ಒಡೆಯುವ ಅಗತ್ಯವೇ ಇರಲಿಲ್ಲ. ಕೆಜಿಯಾ ಪಾಮ್ರಾಯ್ ಸಾಯುವವರೆಗೂ ಈ ಮಾತು ಬಿಡಲಿಲ್ಲ. ಯಾಕೆ ಬಿಡಬೇಕಿತ್ತು? ಮ್ಯಾಸಚೂಸೆಟ್ಸ್‌ನ ಪಡುವಣ ಬೆಟ್ಟಗಳ ಹಾರ್ಲೋ ಊರಿನಲ್ಲಿ ಹಗಲು ಹೊತ್ತು ಯಾರ ಮನೆಯ ಚಿಲಕದ ದಾರವೂ ಒಳಗಿರುತ್ತಿರಲಿಲ್ಲ. ಬಾಗಿಲಿನ ತೂತಿನಿಂದ ತೊಗಲಿನ ದಾರ ಹೊರಗೆ ಜೋತುಬಿದ್ದಿದ್ದರೆ, ಬಂದವರು ಅದನ್ನೆಳೆದು ಚಿಲಕ ಎತ್ತಿ ಒಳಗೆ ಬರಬಹುದು ಎಂದರ್ಥ. ೧೭೮೭ರ ಫೆಬ್ರವರಿಯ ಆ ಮಧ್ಯಾಹ್ನವೂ ಕೆಜಿಯಾಳ ಮನೆಯ ದಾರ ಹೊರಗೇ ಇತ್ತು. ರಾಜ್ಯದ ಸಿಪಾಯಿಗಳು ಆರು ಮಂದಿ ಬಂದರು. ದಾರ ಎಳೆಯಲಿಲ್ಲ, ಕೊಡಲಿಯಿಂದ ಬಾಗಿಲು ಸೀಳಿದರು.

ಅವರು ಹುಡುಕುತ್ತಿದ್ದದ್ದು ಅವಳ ಗಂಡ ಏಸಾನನ್ನು. ಹಿಂದಿನ ಶರತ್ಕಾಲದಲ್ಲಿ, ಸಾಲಕ್ಕೆ ಹೊಲ ಹರಾಜಾಗುವುದನ್ನು ತಡೆಯಲು ಬಂಡೆದ್ದ ರೈತರು ನ್ಯಾಯಾಲಯದ ಬಾಗಿಲು ಮುಚ್ಚಿಸಿದಾಗ ಏಸಾ ಅವರ ಜೊತೆ ನಿಂತಿದ್ದ. ಯಾರ ಅಪ್ಪಣೆ, ಕಾಗದ ಎಲ್ಲಿ ಎಂದು ಕೆಜಿಯಾ ಕೇಳಿದ್ದಕ್ಕೆ ಒಬ್ಬ ಸಿಪಾಯಿ ನಕ್ಕ. ಇನ್ನೊಬ್ಬ ಹಿಟ್ಟಿನ ಪೀಪಾಯಿಗೆ ಬಂದೂಕಿನ ಈಟಿ ಚುಚ್ಚಿದ. ಜ್ವರದಲ್ಲಿ ಮಲಗಿದ್ದ ಅತ್ತೆಯನ್ನು ಎಬ್ಬಿಸಿ ನಿಲ್ಲಿಸಿ ಹಾಸಿಗೆಯನ್ನೂ ಬಗೆದರು. ಏಸಾ ಆಗಲೇ ಗುಡ್ಡ ದಾಟಿ ರಾಜ್ಯದ ಗಡಿಯಾಚೆಯ ವರ್ಮಾಂಟ್ ಸೇರಿದ್ದ. ಅಲ್ಲೇ ಯಾರದೋ ಕೊಟ್ಟಿಗೆಯಲ್ಲಿ ಕಾಯಿಲೆ ಬಿದ್ದು ವಸಂತ ಬರುವುದರೊಳಗೆ ಸತ್ತ. ಹೆಣದ ಮುಖವನ್ನೂ ಅವಳು ನೋಡಲಿಲ್ಲ.

ಕೆಜಿಯಾಳ ಅಪ್ಪ ಬಾಸ್ಟನ್ನಿನಲ್ಲಿ ಪೀಪಾಯಿ ಮಾಡುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ದೊರೆಯ ಅಧಿಕಾರಿಗಳು ಹೀಗೇ ಮನಬಂದಾಗ ಅಂಗಡಿಗೆ ನುಗ್ಗುತ್ತಿದ್ದರು. ಅದು ನಿಲ್ಲಲಿ ಎಂದೇ ಏಸಾ ಸ್ವಾತಂತ್ರ್ಯ ಯುದ್ಧದಲ್ಲಿ ಮೂರು ವರ್ಷ ಬಂದೂಕು ಹೊತ್ತಿದ್ದ. ದೊರೆ ಹೋದ, ಬೂಟು ಹೋಗಲಿಲ್ಲ. ಸೀಳಿದ ಬಾಗಿಲಿಗೆ ಅವಳು ಹಸುವಿನ ಚರ್ಮ ಹೊದಿಸಿ ಮೊಳೆ ಹೊಡೆದಳು. ಹೊಸ ಬಾಗಿಲು ಮಾಡಿಸಿಕೊಡುತ್ತೇವೆ ಎಂದು ಬಂದ ನೆರೆಯವರನ್ನು ಬೈದು ಕಳಿಸಿದಳು. ಮತ್ತೆ ಒಡೆಯುವುದಿಲ್ಲ ಎಂದು ಬರೆದು ಕೊಡುವವರು ಬರಲಿ, ಆಮೇಲೆ ಬಾಗಿಲು ಎಂದಳು.

ಮರುವರ್ಷ ಚಳಿಗಾಲದಲ್ಲಿ ಬರೆದು ಕೊಡುವ ಕಾಲ ಬಂದ ಹಾಗೆ ಕಂಡಿತು. ಹದಿಮೂರು ರಾಜ್ಯಗಳ ಮೇಲೆ ಒಂದು ಹೊಸ ಸರ್ಕಾರ ಕಟ್ಟುವ ಸಂವಿಧಾನದ ಕರಡು ಫಿಲಡೆಲ್ಫಿಯಾದಿಂದ ಬಂದಿತ್ತು. ಅದನ್ನು ಒಪ್ಪಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ಊರಿಗೊಬ್ಬ ಪ್ರತಿನಿಧಿ ಬಾಸ್ಟನ್ನಿಗೆ ಹೋಗಬೇಕಿತ್ತು. ಹಾರ್ಲೋದವರು ಆರಿಸಿದ್ದು ಕಮ್ಮಾರ ಎಲ್ನೇಥನ್ ಬ್ಯಾಸ್ಕಮನನ್ನು. ಅವನು ಕೆಜಿಯಾಳ ಸ್ವಂತ ಅಣ್ಣ. ಅವಳು ಒಂದು ವಾರ ಅವನ ಅಡುಗೆಮನೆಯಲ್ಲಿ ಕೂತು ತಲೆ ತಿಂದಿದ್ದರಿಂದಲೇ ಊರಸಭೆ ಅವನಿಗೆ ಬರಹದಲ್ಲಿ ಅಪ್ಪಣೆ ಕೊಟ್ಟಿತು. ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ ಪಡೆದ ಕಾಗದವಿಲ್ಲದೆ ಯಾವ ಸರ್ಕಾರದವನೂ ಯಾರ ಮನೆಯೊಳಗೂ ಕಾಲಿಡಕೂಡದು. ಈ ಸಾಲು ಸೇರದೆ ಹಾರ್ಲೋದ ಪ್ರತಿನಿಧಿ ಒಪ್ಪಿಗೆ ಕೊಡಕೂಡದು. ಎಲ್ನೇಥನ್ ಆ ಕಾಗದ ಮಡಚಿ ಅಂಗಿಯೊಳಗಿಟ್ಟುಕೊಂಡು ಹೋದ.

ಹೋದವನು ಒಪ್ಪಿಗೆ ಕೊಟ್ಟು ಬಂದ.

ಸುದ್ದಿ ತಿಳಿದ ದಿನವೇ ಕೆಜಿಯಾ ಕುಲುಮೆಗೆ ಹೋದಳು. ಎಲ್ನೇಥನ್ ತಿದಿ ಒತ್ತುವುದನ್ನು ನಿಲ್ಲಿಸಿ, ಬಾಸ್ಟನ್ನಿನಿಂದ ತಂದ ಅಚ್ಚಿನ ಹಾಳೆ ಮುಂದಿಟ್ಟ. ಸಂವಿಧಾನಕ್ಕೆ ಮುಂದೆ ಸೇರಿಸಿ ಎಂದು ಸಭೆ ಶಿಫಾರಸು ಮಾಡಿದ ಒಂಬತ್ತು ತಿದ್ದುಪಡಿಗಳು ಅದರಲ್ಲಿದ್ದವು. ಅವಳು ನಿಂತೇ ಓದಿದಳು. ಚುನಾವಣೆ, ತೆರಿಗೆ, ವ್ಯಾಪಾರಿ ಕಂಪನಿಗಳು, ಪಂಚರ ಮುಂದೆ ವಿಚಾರಣೆ, ಎಲ್ಲ ಇದ್ದವು. ಒಂಬತ್ತನೆಯದು, ಅಧಿಕಾರದಲ್ಲಿದ್ದವರು ಪರದೇಶದ ದೊರೆಯಿಂದ ಬಿರುದು ಪಡೆಯಬಾರದು ಎಂದಿತ್ತು. ಬಾಗಿಲಿನ ಮಾತೇ ಇರಲಿಲ್ಲ.

"ಹಾರ್ಲೋಗೆ ಬಂದು ನಿಂಗೆ ಬಿರುದು ಕೊಡೋಕೆ ಯಾವ ದೊರೆ ಕಾಯ್ತಾ ಕೂತಿದ್ದಾನೆ, ಅಣ್ಣ?"

ಎಲ್ನೇಥನ್ ತಲೆ ಎತ್ತಲಿಲ್ಲ. "ಬಾಗಿಲಿನ ಮಾತೂ ಬಂತು ಕೆಜಿಯಾ, ಸಭೆ ತಗೊಳ್ಳಲಿಲ್ಲ. ಮೇಲೊಂದು ಗಟ್ಟಿ ಸರ್ಕಾರ ಇಲ್ದಿದ್ರೆ ಹದಿಮೂರು ರಾಜ್ಯ ಹದಿಮೂರು ದಿಕ್ಕಾಗುತ್ತೆ. ಮೊದ್ಲು ಒಪ್ಪೋಣ, ಉಳಿದದ್ದು ಆಮೇಲೆ ಕೇಳೋಣ ಅಂದ್ರು. ನಂಗೂ ಸರಿ ಅನ್ನಿಸ್ತು."

"ಗಟ್ಟಿ ಸರ್ಕಾರ ಹೆಂಗಿರುತ್ತೆ ಅಂತ ನಾನು ನೋಡಿದೀನಿ. ಕೈಯಲ್ಲಿ ಕೊಡಲಿ ಹಿಡ್ಕೊಂಡಿತ್ತು," ಎಂದಳು ಕೆಜಿಯಾ. "ಕುದುರೆಗೆ ಲಾಳ ಹೊಡೆಯೋನು ನೀನು. ಕಡಿವಾಣ ಹಾಕ್ದೆ ಹತ್ತಿ ಕೂತು, ಓಡ್ತಾ ಓಡ್ತಾ ಹಾಕ್ತೀನಿ ಅಂತೀಯಲ್ಲ."

ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಮಾರ್ಚಿನಲ್ಲಿ ವರ್ಷದ ಊರಸಭೆ ಇತ್ತು. ಆ ಸಭೆಯಲ್ಲಿ ಮನಸ್ಸಿಗೆ ಬಂದದ್ದನ್ನು ಮಾತಾಡುವ ಹಾಗಿಲ್ಲ. ಮೊದಲೇ ಬರೆದು ಅಂಟಿಸಿದ ಪಟ್ಟಿಯಲ್ಲಿರುವುದನ್ನಷ್ಟೇ ಎತ್ತಬೇಕು. ಪಟ್ಟಿಗೆ ಹೊಸ ವಿಷಯ ಸೇರಬೇಕಾದರೆ ಜಮೀನುಳ್ಳ ಹತ್ತು ಗಂಡಸರ ಸಹಿ ಬೇಕು. ಕೆಜಿಯಾ ತಾನೇ ವಿಷಯ ಬರೆದಳು: ಊರಿನ ಅಪ್ಪಣೆ ಮೀರಿದ ಪ್ರತಿನಿಧಿಯ ಬಗ್ಗೆ ಊರಿಗೆ ಅಸಮಾಧಾನವಿದೆ, ಬಾಗಿಲಿನ ಸಾಲನ್ನು ಊರು ಇನ್ನೂ ಕೇಳುತ್ತಿದೆ ಎಂದು ಊರಿನ ಪುಸ್ತಕದಲ್ಲಿ ದಾಖಲಾಗಬೇಕು. ದಾಖಲಾಗದಿದ್ದರೆ ತನ್ನ ಬಾಗಿಲು ಒಡೆದದ್ದೇ ಸುಳ್ಳೆಂದು ನಾಳೆ ಹೇಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಎಂಟು ದಿನ ಹಿಮ ತುಳಿದು ಮನೆಮನೆ ಸುತ್ತಿದಳು. ಕೆಲವರು ಮುಗಿದ ಮದುವೆಗೆ ಓಲಗವೇಕೆ ಎಂದು ನಕ್ಕರು. ಕೆಲವರು ಸೇಬಿನ ಹೆಂಡ ಕೊಟ್ಟು ಉಪಚರಿಸಿ ಸಹಿ ಹಾಕದೆ ಕಳಿಸಿದರು. ಅವರ ಮೇಲೆ ಅವಳಿಗೆ ಇನ್ನೂ ಹೆಚ್ಚು ಉರಿಯಿತು. ಪಟ್ಟಿ ಮುಚ್ಚುವ ದಿನ ಅವಳ ಕೈಯಲ್ಲಿ ಇದ್ದದ್ದು ಒಂಬತ್ತೇ ಸಹಿ. ಊರಲ್ಲಿ ಅವಳು ಕೇಳದೆ ಉಳಿದಿದ್ದ ಜಮೀನುದಾರ ಒಬ್ಬನೇ. ಅವಳು ಕುಲುಮೆಯ ದಾರಿ ಹಿಡಿದಳು.

ಎಲ್ನೇಥನ್ ಕಾಗದವನ್ನು ಎರಡು ಸಲ ಓದಿದ. "ನನ್ ಮೇಲೆ ನಾನೇ ಸಹಿ ಹಾಕ್ಲಾ?"

"ನಾನು ಹಾಕೋ ಹಾಗಿದ್ರೆ ನಿನ್ನ ಹತ್ರ ಬರ್ತಿರ್ಲಿಲ್ಲ. ಹೊಲ ಉಳೋಳು ನಾನು, ತೆರಿಗೆ ಕಟ್ಟೋಳು ನಾನು, ಬಾಗ್ಲು ಒಡೆಸ್ಕೊಂಡೋಳೂ ನಾನೇ. ಸಹಿಗೆ ಮಾತ್ರ ಗಂಡಸೇ ಆಗ್ಬೇಕಂತೆ. ಬಾಸ್ಟನ್ನಲ್ಲಿ ಊರಿನ ಮಾತು ನುಂಗ್ದೆ. ಇಲ್ಲಾದ್ರೂ ಉಗುಳು."

 ಎಲ್ನೇಥನ್ ಸೊಂಟಕ್ಕೆ ಕಟ್ಟಿದ ತೊಗಲಿಗೆ ಕೈ ಒರೆಸಿಕೊಂಡು ಹತ್ತನೆಯ ಸಹಿ ಹಾಕಿದ. ಕಾಗದದ ಅಂಚಿಗೆ ಮಸಿ ಬೆರಳಿನ ಗುರುತು ಬಿತ್ತು.

ಸಭೆಯ ದಿನ ಕೆಜಿಯಾ ಪ್ರಾರ್ಥನಾಮಂದಿರದ ಅಟ್ಟದಲ್ಲಿ ಹೆಂಗಸರ ಜೊತೆ ಬಾಯಿ ಮುಚ್ಚಿಕೊಂಡು ಕೂರಬೇಕಾಯಿತು. ಕೆಳಗೆ ಎಲ್ನೇಥನ್ ಎದ್ದು ನಿಂತು, ಅಪ್ಪಣೆ ಮೀರಿದ್ದು ನಿಜ, ಒಪ್ಪಿದ್ದು ದೇಶದ ಒಳ್ಳೆಯದಕ್ಕೆಂದೇ, ಆದರೆ ತಂಗಿಯ ಬಾಗಿಲಿಗೆ ಉತ್ತರ ತರಲಾಗಲಿಲ್ಲ ಎಂದ. ಕೈಗಳನ್ನು ಎಣಿಸಿದರು. ಪರವಾಗಿ ನಲವತ್ತೊಂದು, ವಿರುದ್ಧ ಮೂವತ್ತು. ಗುಮಾಸ್ತ ಊರಿನ ಪುಸ್ತಕದಲ್ಲಿ ಬರೆದುಕೊಂಡ. ಎಲ್ಲ ಕಾಲು ಗಂಟೆಯಲ್ಲಿ ಮುಗಿಯಿತು. ಮುಂದಿನ ವಿಷಯ, ಬೀದಿಗೆ ಬಿಡುವ ಹಂದಿಗಳು ಬೇಲಿ ನುಸುಳದಂತೆ ಕುತ್ತಿಗೆಗೆ ನೊಗ ಹಾಕಬೇಕೇ ಬೇಡವೇ ಎಂಬುದು. ಅದರ ಮೇಲೆ ಅದೇ ಗಂಡಸರು ಸಂಜೆವರೆಗೆ ಕಿತ್ತಾಡಿದರು. ಹಂದಿಯ ಸ್ವಾತಂತ್ರ್ಯಕ್ಕೆ ಸಿಕ್ಕ ಹೊತ್ತಿನ ಕಾಲು ಪಾಲೂ ನನ್ನ ಹೊಸ್ತಿಲಿಗೆ ಸಿಗಲಿಲ್ಲ ಎಂದು ಕೆಜಿಯಾ ಅಟ್ಟದಲ್ಲಿ ಹಲ್ಲು ಕಡಿದಳು.

ತನ್ನ ವಿರುದ್ಧ ತಾನೇ ಸಹಿ ಹಾಕಿದ ಮೇಲೆ ಊರು ಎಲ್ನೇಥನನಿಗೆ ಮತ್ತೆ ಯಾವ ಹುದ್ದೆಯನ್ನೂ ಕೊಡಲಿಲ್ಲ. ಅಣ್ಣನ ಬಗ್ಗೆ ಅವಳಿಗೆ ಕನಿಕರ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು, ಆದರೆ ಕೋಪವನ್ನು ಮುಚ್ಚುವಷ್ಟು ಬರಲಿಲ್ಲ.

ಬಾಗಿಲಿನ ಸಾಲು ಬರಲು ಸುಮಾರು ನಾಲ್ಕು ವರ್ಷ ಹಿಡಿಯಿತು. ೧೭೯೨ರ ಆರಂಭದಲ್ಲಿ ಸುದ್ದಿ ಬೆಟ್ಟ ಹತ್ತಿತು. ಸಂವಿಧಾನಕ್ಕೆ ಸೇರಿದ ಹತ್ತು ತಿದ್ದುಪಡಿಗಳಲ್ಲಿ ನಾಲ್ಕನೆಯದು ಅದೇ ಆಗಿತ್ತು. ಅದನ್ನು ಗೆಲ್ಲಿಸಿದ್ದು ಬೇರೆ ರಾಜ್ಯಗಳು. ಮ್ಯಾಸಚೂಸೆಟ್ಸ್‌ನ ಒಪ್ಪಿಗೆ ಹೋಗಲೇ ಇಲ್ಲ. ಕೊಡಲಿ ಕಳಿಸಲು ಇದ್ದ ಅವಸರ ಕಾಗದ ಕಳಿಸಲು ಇರಲಿಲ್ಲ ಎಂದಳು ಕೆಜಿಯಾ. ಆಮೇಲೆ ಹಸುವಿನ ಚರ್ಮ ಕಿತ್ತೊಗೆದು ಓಕ್ ಮರದ ಬಾಗಿಲು ಮಾಡಿಸಿದಳು. ತಿರುಗಣಿ, ಚಿಲಕ ಎಲ್ನೇಥನನೇ ಬಡಿದು ಕೊಟ್ಟ. ಜೊತೆಗೆ ಹೊಸ ತೊಗಲಿನ ದಾರವನ್ನೂ ತಂದಿದ್ದ. ಅವಳು ಅದನ್ನು ತೂತಿಗೆ ಪೋಣಿಸಲಿಲ್ಲ, ಒಳಗೆ ಮೊಳೆಗೆ ನೇತುಹಾಕಿದಳು. ಅವಳು ಬದುಕಿದ್ದಷ್ಟು ಕಾಲವೂ ಅದು ಅಲ್ಲೇ ಇತ್ತು.

ಹೊಸ ಬಾಗಿಲು ಕೂರಿಸಿದ ಮುಂದಿನ ಭಾನುವಾರ ಹಿಮ ಬೀಳುತ್ತಿತ್ತು. ಎಲ್ನೇಥನ್ ಬಂದು ಹಳೆಯ ಅಭ್ಯಾಸದಿಂದ ದಾರಕ್ಕೆ ಕೈ ಹಾಕಿದ. ದಾರ ಸಿಗದೆ ಬಾಗಿಲು ತಟ್ಟಿದ.

"ಯಾರು?"

"ನಾನು ಕಣೇ, ಎಲ್ನೇಥನ್."

"ಕಾಗ್ದ ತಂದಿದೀಯಾ?"

"ಇಲ್ಲ."

"ಹಾಗಾದ್ರೆ ಅಲ್ಲೇ ನಿಂತ್ಕೊಂಡು ಯಾಕೆ ಬಂದೆ ಅಂತ ಹೇಳು."

ಅವನು ಹಿಮದಲ್ಲಿ ನಿಂತು ಹೇಳಿದ. ಅವಳು ಪೂರ್ತಿ ಕೇಳಿದಳು, ಆಮೇಲೆ ಚಿಲಕ ಎತ್ತಿದಳು.