ಗುರುವಾರ ಬರುವ ನಡುಕ

ಜಹೀರಾಬಾದಿನ ದವಾಖಾನೆಯಲ್ಲಿ ನನ್ನ ಮೊದಲ ಗುರುವಾರವೇ, ಎತ್ತಿನ ಗಾಡಿಯಿಂದ ಇಳಿಸಿದ ಗಂಡಸೊಬ್ಬ ನನ್ನ ಸೀರೆಯ ಮೇಲಿನ ಇರುವೆಗಳನ್ನು ಆರಿಸತೊಡಗಿದ. ಅಲ್ಲಿ ಒಂದು ಇರುವೆಯೂ ಇರಲಿಲ್ಲ! ಕೈ ಗಡಗಡ, ಮೈಯೆಲ್ಲ ಬೆವರು. ಧಾರವಾಡದಿಂದ ಆಗಷ್ಟೇ ಬಂದ ನರ್ಸು ನಾನು, ದೊಡ್ಡ ಜಾಣೆ ಬೇರೆ. ಬೆಳಿಗ್ಗೆಯೇ ಇಷ್ಟು ಕುಡಿಸಿ ಕರೆತಂದಿದ್ದೀಯಲ್ಲ ಎಂದು ಅವನ ಹೆಂಡತಿಯನ್ನು ಗದರಿದೆ.

ಆಕೆ ಗುರುಬಾಯಿ, ನ್ಯಾಲ್ಕಲ್ ಕಡೆಯ ರೈತರ ಮನೆಯವಳು. ಉರಿದೆದ್ದಳು. "ಏನ್ ಮಾತಾಡ್ತೀರಿ ಬಾಯಾರ? ನಮ್ಮವ್ರು ಸೋಮವಾರ ಲಿಂಗ ಮುಟ್ಟಿ ಆಣಿ ಮಾಡ್ಯಾರ. ಮೂರು ದಿನ ಆತು, ಒಂದು ಹನಿ ಸಾರಾಯಿ ಮುಟ್ಟಿಲ್ಲ!"

ವರ್ಷಗಟ್ಟಲೆ ಕುಡಿದವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಕ್ಕೆ ಮೈ ನಡುಗಿ, ಇಲ್ಲದ್ದೆಲ್ಲ ಕಂಡು, ಜೀವವೇ ಹೋಗಬಹುದೆಂದು ಡಾಕ್ಟರ್ ಸಾಹೇಬರು ವಿವರಿಸಿದಾಗ ನಾಚಿಕೆಯಿಂದ ಸತ್ತೆ. ಗುರುಬಾಯಿಯ ಗಂಡ ಸಂಗಪ್ಪ ಹೇಗೋ ಉಳಿದ. ಆದರೆ ದೇವರು ಇವನ ಆಣೆ ಒಪ್ಪಲಿಲ್ಲವೆಂದು ಊರವರು ಆಡಿಕೊಂಡರು. ತಿಂಗಳೊಳಗೆ ಮತ್ತೆ ಸಾರಾಯಿ ಹಿಡಿದ. ಇನ್ನೊಮ್ಮೆ ಒಮ್ಮೆಲೇ ಬಿಟ್ಟು ಈ ನಡುಕ ಬಂದರೆ ಉಳಿಯಲಾರ ಎಂದರು ಸಾಹೇಬರು.

ನನ್ನ ಪಾಡು ಕೇಳಿ. ನಾನು ಬಾಡಿಗೆಗಿದ್ದ ಮನೆಯ ಮುದುಕಿ, ಎಲ್ಲರೂ ಬೀ ಎನ್ನುವ ತಾಯಿ, ಖಿಚಡಿಯ ಜೊತೆ ಖಟ್ಟಾ ಕಳಿಸುತ್ತಿದ್ದಳು. ಹುಣಸೆಯ ತಣ್ಣನೆಯ ಹುಳಿ ಅದು, ಆಹಾ! ನಮ್ಮಲ್ಲಿಯ ಹಾಗೆ ಇಲ್ಲಿಯೂ ಜೋಳದ ರೊಟ್ಟಿ ಉಂಟು, ಎದುರು ಕೂತು ಉಣ್ಣುವವರು ಮಾತ್ರ ಇಲ್ಲ. ಬೇಸರ ಕಳೆಯಲು ಉರ್ದುವಿನಲ್ಲಿ ಬರೆದಿಟ್ಟ ದವಾಖಾನೆಯ ಹಳೆಯ ರಜಿಸ್ಟರುಗಳನ್ನಿಟ್ಟುಕೊಂಡು ಆ ಅಕ್ಷರ ಕಲಿಯತೊಡಗಿದೆ.

ಅಲ್ಲೇ ಸಿಕ್ಕಿತು ನೋಡಿ! ನ್ಯಾಲ್ಕಲ್ ಕಡೆಯ ನಡುಕದವರು ಬಂದದ್ದು ಹೆಚ್ಚಾಗಿ ಗುರುವಾರ, ಸೋಮವಾರದ ಆಣೆಗೆ ಮೂರು ದಿನವಾದಾಗ. ನಾರಾಯಣಖೇಡದ ಕುರಿಗಾರರು ಬುಧವಾರ, ಯಾಕೆಂದರೆ ಅವರು ಮೈಲಾರಲಿಂಗನ ಭಂಡಾರ ಮುಟ್ಟಿ ಆಣೆ ಮಾಡುವುದು ಭಾನುವಾರ! ತಾಂಡೂರಿನಲ್ಲಿ ಈಚಲ ಮರದ ಸೇಂದಿಯೇ ಜಾಸ್ತಿ, ಅಲ್ಲಿಯವರು ನಡುಕಕ್ಕಲ್ಲ, ಹೊಟ್ಟೆನೋವೆಂದು ಬರುತ್ತಾರೆ ಎಂದ, ಅಲ್ಲಿಂದ ವರ್ಗವಾಗಿ ಬಂದ ಕಂಪೌಂಡರ್. ರಜಿಸ್ಟರು ಎದೆಗವಚಿಕೊಂಡು ಓಡಿದೆ. "ಸಾಹೇಬ್, ಆಣೆಯನ್ನು ಇಲ್ಲಿಯೇ ಮಾಡಿಸೋಣ. ನಡುಕ ಬರುವ ಮೊದಲೇ, ಮೊದಲ ದಿನವೇ ನಿದ್ದೆಯ ಔಷಧಿ ಕೊಡೋಣ!"

ಸಾಹೇಬರು ಒಪ್ಪಿದರು. ಗುರುಬಾಯಿ ಒಪ್ಪಲಿಲ್ಲ.

"ನಿಮ್ಮ ದವಾ ಸಾರಾಯಿ ನಾರ್ತದ್ರಿ. ಅದನ್ನ ಕುಡದ್ರ ಆಣಿ ಉಳೀತದೇನು?"

ಅವಳ ಮಾತೂ ಸುಳ್ಳಲ್ಲ, ಆ ನಿದ್ದೆಯ ಔಷಧಿಯ ಘಾಟೇ ಅಂಥದ್ದು. ಸೀಸೆ ಹಿಡಿದು ಅವಳೂರಿನ ಮಠಕ್ಕೇ ಹೋದೆ. ಅಯ್ಯನವರು ಮೂಸಿ ಮುಖ ಕಿವುಚಿದರು, ಆಮೇಲೆ ನಕ್ಕರು. "ಇಂಥಾದ್ದನ್ನ ಚಟಕ್ಕ ಯಾರ್ ಕುಡೀತಾರವ್ವಾ? ನಾನಽ ಬಂದು ನನ್ನ ಕೈಯಾರ ಕೊಡ್ತೀನಿ."

ಶ್ರಾವಣ ಸೋಮವಾರ ಗಾಡಿ ಬಂತು. ದವಾಖಾನೆಯ ಪಡಸಾಲೆಯಲ್ಲಿ ಸಂಗಪ್ಪ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಆಣೆ ಮಾಡಿದ. ಅಯ್ಯನವರು ಔಷಧಿ ಕುಡಿಸಿದರು. ಅದೇ ದಿನ ನನ್ನ ಅಣ್ಣನೂ ಬಂದಿಳಿಯಬೇಕೇ! ಧಾರವಾಡದಲ್ಲಿ ಕೆಲಸ ಗೊತ್ತುಮಾಡಿ ಕರೆದೊಯ್ಯಲು ಬಂದಿದ್ದ. ಈ ಊರಿಗೆ ಬಂದಾಗಿನಿಂದ ನಾನು ಹಂಬಲಿಸಿದ್ದು ಅದನ್ನೇ.

"ಗುರುವಾರ ದಾಟಲಿ ಅಣ್ಣಾ," ಎಂದೆ.

ಬುಧವಾರ ನನಗೆ ಅನ್ನ ಸೇರಲಿಲ್ಲ. ಗುರುವಾರ ಬೆಳಿಗ್ಗೆ ಸಂಗಪ್ಪನ ಬೆರಳುಗಳು ಸ್ವಲ್ಪ ನಡುಗುತ್ತಿದ್ದವು, ಅಷ್ಟೇ. ಎದ್ದು ಕೂತು ರೊಟ್ಟಿ ಕೇಳಿದ! ಗುರುಬಾಯಿ ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ.

"ಬರೋ ಸೋಮವಾರ ನಮ್ಮ ಮೈದುನ ಆಣಿ ಮಾಡಾಕ ಬರ್ತಾನ್ರಿ," ಎಂದಳು. "ನೀವು ಇರ್ತೀರಲ್ರಿ?"

ಅಣ್ಣ ಒಬ್ಬನೇ ರೈಲು ಹತ್ತಿದ. ಅವ್ವನಿಗೆ ಏನು ಹೇಳಲಿ ಎಂದು ಕೇಳಿದ. ಸೋಮವಾರ ಇಲ್ಲಿ ಕೆಲಸವಿದೆ ಎಂದು ಹೇಳು ಎಂದೆ, ಗಟ್ಟಿಯಾಗಿಯೇ. ರೈಲು ಹೊರಟದ್ದೇ ತಡ, ಅದರ ಹಿಂದೆ ನಾಲ್ಕು ಹೆಜ್ಜೆ ಓಡಿಬಿಟ್ಟೆ.