ಒಂದೇ ನಂಬರಿನ ಎರಡು ಮನೆ

ನಾನು ಭೂಮಾಪನ ಇಲಾಖೆಯಿಂದ ನಿವೃತ್ತನಾದ ಮರುವರ್ಷ, ಶ್ರಾವಣ ಮುಗಿದ ಮೇಲೆ ನಡೆದ ಸಂಗತಿ ಇದು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ಮೂವತ್ತು ವರ್ಷ ಸರ್ವೆಯರ್ ಆಗಿ ಹೊಲ ಅಳೆದವನು ನಾನು. ಅಣ್ಣತಮ್ಮಂದಿರು ಕೊಡಲಿ ಹಿಡಿದು ನಿಂತ ಬದುವಿನ ಮೇಲೆ ಸರಪಳಿ ಎಳೆದು, "ಕಲ್ಲು ಇಲ್ಲಿ ಹಾಕ್ರಿ" ಎಂದು ಹೇಳಿ ಬಂದಿದ್ದೇನೆ. ನನ್ನ ಅಳತೆ ತಪ್ಪಿತು ಎಂದು ಯಾರ ಮುಂದೆಯೂ ಒಪ್ಪಿಕೊಂಡವನಲ್ಲ. ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಈಗಲೂ ಇದೆ, ಸ್ವಲ್ಪ ಹಿಂದಕ್ಕೆ ಸರಿದಿದೆ ಅಷ್ಟೆ.

ಆ ವರ್ಷ ಯುಗಾದಿಗೆ ಮುಂಚೆ ನನ್ನ ಹೆಂಡತಿ ಕಮಲಾಬಾಯಿಗೆ ಪಾರ್ಶ್ವವಾಯು ಹೊಡೆದಿತ್ತು. ನಾಲ್ಕು ತಿಂಗಳಲ್ಲಿ ಕೈಕಾಲು ಒಂದು ಮಟ್ಟಕ್ಕೆ ಬಂದವು; ಕೋಲು ಹಿಡಿದು ಬಾಗಿಲವರೆಗೆ ನಡೆಯತೊಡಗಿದಳು. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ತಾನು ಹೇಳಲು ಹೋದರೆ ಒಂದು ಅಕ್ಷರ ಬಂದು ಅಲ್ಲೇ ನಿಂತುಬಿಡುತ್ತಿತ್ತು. ನಲವತ್ತು ವರ್ಷ ನನ್ನ ಜೊತೆ ಮಾತಿಗೆ ಮಾತು ಕೊಟ್ಟ ಹೆಂಗಸು ಹಾಗೆ ಬಾಯಿ ತೆರೆದು ಸುಮ್ಮನಾಗುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಕಲಬುರಗಿಯಲ್ಲಿ ಮಾತು ಕಲಿಸುವ ಒಬ್ಬ ಮೇಡಂ ಇದ್ದರು. ವಾರಕ್ಕೆರಡು ಸಲ ಅಲ್ಲಿಗೆ ಕರೆದೊಯ್ಯುವುದು ಕಷ್ಟವೆಂದು, ಮಂಗಳವಾರ ಮತ್ತು ಶುಕ್ರವಾರ ಸಂಜೆ ನಾಲ್ಕಕ್ಕೆ ವಿಡಿಯೋದಲ್ಲೇ ಕಲಿಸಲು ಒಪ್ಪಿಕೊಂಡರು. "ಮೊದಲನೇ ವರ್ಷದಾಗ ಎಷ್ಟು ಬರ್ತದೋ ಅದೇ ಮುಖ್ಯರಿ. ಒಂದು ಕ್ಲಾಸೂ ತಪ್ಪಸಬ್ಯಾಡ್ರಿ" ಎಂದಿದ್ದರು. ಅದಕ್ಕಾಗಿಯೇ ಮನೆಗೆ ವೈಫೈ ಹಾಕಿಸಿದೆ.

ಮೊದಲ ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಏನಾಯಿತೋ, ಮೇಡಂ "ನೀ" ಎಂದರೆ "ರು" ಬರುವಷ್ಟರಲ್ಲಿ ಅವರ ಮುಖ ಕಲ್ಲಾಗಿ ನಿಂತುಬಿಡುತ್ತಿತ್ತು. ಕಮಲಾ ಬಾಯಿ ತೆರೆದುಕೊಂಡು ಆ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ಹೀಗೆ ಮೂರು ವಾರ ಹಾಳಾದವು. ಒಂದು ಮಂಗಳವಾರ ಕ್ಲಾಸು ಪೂರ್ತಿ ಕೆಟ್ಟಾಗ ಅವಳು ಟ್ಯಾಬ್ ಅನ್ನು ಬೋರಲು ಹಾಕಿ ಗೋಡೆ ಕಡೆ ತಿರುಗಿ ಮಲಗಿದಳು. ನಾನು ನೆಟ್‌ನವರಿಗೆ ಫೋನ್ ಮಾಡಿ ಕೂಗಾಡಿದೆ. ಆ ಕಡೆಯ ಹುಡುಗಿ, "ಸರ್, 192.168.1.1 ಅಂತ ಟೈಪ್ ಮಾಡಿ, ರೂಟರ್ ಸೆಟ್ಟಿಂಗ್ಸ್ ಬರುತ್ತೆ, ನೋಡಿ" ಎಂದಳು. ನಾನು ಟೈಪ್ ಮಾಡಲಿಲ್ಲ. ಏನೋ ಒತ್ತಿ ಇನ್ನೇನೋ ಆದೀತೆಂಬ ಹೆದರಿಕೆ. ಆದರೆ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಟ್ಟೆ. ಅದು ನಮ್ಮ ಮನೆಯ ಲೈನಿನ ನಂಬರೆಂದು ನಾನೇ ತೀರ್ಮಾನಿಸಿದ್ದೆ.

ನಮ್ಮ ಪಕ್ಕದ ಮನೆ ಜಗದೇವಿಯದು. ಜೇವರ್ಗಿ ಕಡೆಯ ಅಂದೋಲಾ ಅವಳ ತವರು. ಮನೆಯ ಮುಂಭಾಗದಲ್ಲೇ ಖಾನಾವಳಿ ಇಟ್ಟಿದ್ದಾಳೆ. ಕಮಲಾ ಮಲಗಿದಾಗಿನಿಂದ ನಮ್ಮ ಮನೆಗೂ ಅವಳದೇ ಜೋಳದ ರೊಟ್ಟಿ, ಪುಂಡಿಪಲ್ಯ. ಮರುದಿನ, ಅಂದರೆ ಬುಧವಾರ ಮಧ್ಯಾಹ್ನ, ಡಬ್ಬಿ ಹಿಡಿದು ಹೋದೆ. ಏಳೆಂಟು ಜನ ಉಣ್ಣುತ್ತ ಕೂತಿದ್ದರು, ಅರ್ಧ ಜನರ ಕಣ್ಣು ಫೋನಿನ ಮೇಲೆ. ಸುಮ್ಮನೆ ಗೋಡೆ ನೋಡಿದೆ. ಅವಳ ವೈಫೈ ಡಬ್ಬಿಯ ಕೆಳಗೆ ಒಂದು ಚೀಟಿ ಅಂಟಿಸಿತ್ತು. ಅದರ ಮೇಲೆ 192.168.1.1.

ನನ್ನ ತಲೆಗೆ ಹತ್ತಿದ್ದು ಒಂದೇ ವಿಚಾರ. ಒಂದು ನಂಬರಿಗೆ ಒಂದೇ ಹೊಲ. ಎರಡು ಕಡೆ ಒಂದೇ ನಂಬರ್ ಕಂಡರೆ ಅದು ಒತ್ತುವರಿ.

"ಇದು ಯಾರ ನಂಬರ ಜಗದೇವಿ?" ಎಂದೆ.

"ನಮ್ದೇರಿ ಕಾಕಾ. ವೈಫೈದು" ಎಂದಳು ರೊಟ್ಟಿ ಬಡಿಯುತ್ತಲೇ.

"ನಿಂದ ಹ್ಯಾಂಗ ಆಗ್ತದ? ಇದು ನಮ್ಮನಿ ನಂಬರ! ಅಲ್ಲಿ ಹೆಂಡ್ತಿ ಮಾತು ಬರವಲ್ದು ಅಂತ ನಾ ಒದ್ದಾಡಾಕತ್ತೇನಿ, ಇಲ್ಲಿ ನೀ ನಮ್ಮ ನೆಟ್ ಕದ್ದು ಊರಿಗೆಲ್ಲಾ ಹಂಚಾಕತ್ತೀಯೇನ? ಕಳ್ಳಿ!"

ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಡಿದ್ದು ಅದೇ ಮಾತು. ಅದೂ ಬೀದಿಗೆ ಬಂದು ನಿಂತು, ಎರಡು ಸಲ. ಉಣ್ಣುವವರ ಕೈ ತಟ್ಟೆಯಲ್ಲೇ ನಿಂತವು. ಗದ್ದಲ ಕೇಳಿ ಕಮಲಾ ಕೋಲು ಊರಿಕೊಂಡು ನಮ್ಮ ಬಾಗಿಲಿಗೆ ಬಂದಿದ್ದಳು. ಚೌಕಟ್ಟು ಹಿಡಿದು, ನನ್ನ ಕಡೆ ಕೈ ಬೀಸುತ್ತ, "ಸಾ... ಸಾ..." ಎಂದಳು.

ಚಹಾ ಕೇಳುತ್ತಿದ್ದಾಳೆ ಎಂದುಕೊಂಡೆ. ನಮ್ಮ ಕಡೆ ಚಹಾಕ್ಕೆ 'ಚಾ' ಅನ್ನುತ್ತೇವೆ. ಪಾಪ, ಚಾ ಅನ್ನಲಾಗದೆ ಸಾ ಅನ್ನುತ್ತಾಳೆ ಎಂದು ಅರ್ಥ ಮಾಡಿಕೊಂಡೆ. ಒಳಗೆ ಹೋಗಿ ಅದೇ ಸಿಟ್ಟಿನಲ್ಲಿ ಚಹಾ ಮಾಡಿ ಕೊಟ್ಟೆ. ಅವಳು ಕಪ್ಪನ್ನು ದೂರ ತಳ್ಳಿದಳು. ಅದೂ ಜಗದೇವಿಯ ತಪ್ಪೇ ಎಂದು ನನಗೆ ಅನ್ನಿಸಿತು, ಹೇಗೆ ಎಂದು ಕೇಳಬೇಡಿ.

ರೊಟ್ಟಿ ಬಿಟ್ಟು ಬಂದಿದ್ದೆನಲ್ಲ, ಸಂಜೆ ನೋಡಿದರೆ ಡಬ್ಬಿ ನಮ್ಮ ಕಟ್ಟೆಯ ಮೇಲಿತ್ತು. ಬಿಸಿ ರೊಟ್ಟಿ, ಕಮಲಾಗೆಂದು ಬೇರೆ ಮೆತ್ತಗೆ ಬೇಯಿಸಿದ ಬೇಳೆ. ಗುರುವಾರವೂ ಬಂತು. ಉಣ್ಣಬಾರದೆಂದು ಹಟ ಹಿಡಿದೆ, ಹಸಿವಾದ ಮೇಲೆ ಉಂಡೆ.

ಶುಕ್ರವಾರ ಮೂರೂವರೆಗೆ ಜಗದೇವಿಯೇ ಬಂದಳು. ಸೆರಗಿಗೆ ಕೈ ಒರೆಸುತ್ತ ಬಾಗಿಲಲ್ಲಿ ನಿಂತು, ನನ್ನನ್ನಲ್ಲ, ಕಮಲಾಳನ್ನು ನೋಡಿ ಹೇಳಿದಳು.

"ಕಾಕು, ಇವತ್ತ ನಿಮ್ಮ ಕ್ಲಾಸ್ ಅದಲ್ರಿ. ಆ ಮೇಡಂ ಅವ್ರ ದನಿ ಹರಕೊಂಡ ಹರಕೊಂಡ ಬರೋದು ನಮ್ಮನಿಗೂ ಕೇಳಸ್ತದ. ಒಮ್ಮಿ ನೋಡ್ಲೇನ್ರಿ?"

ಕಮಲಾ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡಳು. ನಾನು ಗೋಡೆಯ ಕ್ಯಾಲೆಂಡರ್ ತೋರಿಸಿ, "ಮೊದಲ ಈ ನಂಬರಿಂದು ಏನಂತ ಹೇಳು" ಎಂದೆ. ಜಂಬ ಇನ್ನೂ ಇಳಿದಿರಲಿಲ್ಲ.

ಜಗದೇವಿ ಚೂರೂ ಸಿಟ್ಟಾಗಲಿಲ್ಲ. "ಕಾಕಾ, ನೀವು ಮೂರು ತಾಲೂಕಾ ಅಳದವ್ರು. ಆಳಂದ ಕಡಿ ಮಾದನಹಿಪ್ಪರಗಾದಾಗ ಸರ್ವೆ ನಂಬರ್ ಒಂದು ಅದನೋ ಇಲ್ಲೋ?"

"ಅದ."

"ನಮ್ಮ ಅಂದೋಲಾದಾಗ?"

"ಅಲ್ಲೂ ಅದ. ಎಲ್ಲಾ ಊರಾಗೂ ಒಂದರಿಂದನೇ ಚಾಲೂ ಆಗ್ತದ."

"ಮತ್ತ ಮಾದನಹಿಪ್ಪರಗಾದವ್ರು ಅಂದೋಲಾದವ್ರ ಹೊಲಾ ಕದ್ದಾರೇನ್ರಿ?"

ಕ್ಯಾಲೆಂಡರ್ ತೋರಿಸುತ್ತಿದ್ದ ಕೈಯನ್ನು ಇಳಿಸಿದೆ. ಅವಳೇ ಮುಂದುವರಿಸಿದಳು. "ಊರ ಒಳಗ ಬರೇ ನಂಬರ್ ಅಂದ್ರ ನಡೀತದ. ಹೊರಗ ಹೇಳಬೇಕಾದ್ರ ಊರು, ತಾಲೂಕಾ ಎಲ್ಲಾ ಹೇಳಬೇಕು. ಇದೂ ಹಂಗೇರಿ. 192.168 ಅಂದ್ರ ಮನಿ ಒಳಗಿನ ನಂಬರ. ನಿಮ್ಮನ್ಯಾಗೂ ಇರ್ತದ, ನಮ್ಮನ್ಯಾಗೂ ಇರ್ತದ. ಹೊರಗಿನ ನಂಬರ್ ಬ್ಯಾರೆ, ಅದು ನೆಟ್‌ನವ್ರು ಕೊಡ್ತಾರ. ನಿಮ್ಮ ಹೊಲಾ ನಿಮ್ಮದು, ನಮ್ಮ ಹೊಲಾ ನಮ್ಮದು."

ಮೂವತ್ತು ವರ್ಷ ನಕಾಶೆಯ ಮೇಲೆ ಬರೆದದ್ದೇ ಅದು. ಊರ ಹೆಸರಿಲ್ಲದ ಸರ್ವೆ ನಂಬರಿಗೆ ಬೆಲೆಯಿಲ್ಲ ಎಂದು ಎಷ್ಟು ಜನ ಕಿರಿಯರಿಗೆ ನಾನೇ ಪಾಠ ಹೇಳಿದ್ದೆ! ನನ್ನ ವಿದ್ಯೆಯನ್ನು ನನಗೇ ತಿಳಿಸಿಕೊಟ್ಟವಳು ಹತ್ತನೇ ಇಯತ್ತೆಯನ್ನೂ ದಾಟದ ಹೆಂಗಸು.

"ಇಷ್ಟೆಲ್ಲಾ ಎಲ್ಲಿ ಕಲ್ತಿ?" ಎಂದು ಕೇಳಿದೆ.

"ನಮ್ದೂ ಹಿಂಗೇ ಕೆಟ್ಟಿತ್ರಿ. ರಿಪೇರಿಯವ ನಾಳಿ ಬರ್ತೇನಿ, ನಾಳಿ ಬರ್ತೇನಿ ಅಂದ. ಹಿಟ್ಟಿನ ಡಬ್ಬಿಗಿ ಫೋನ್ ಆನಿಸಿಟ್ಟು ವಿಡಿಯೋ ನೋಡಿದೆ, ವಹಿಯಾಗ ಬರಕೊಂಡೆ. ರೊಟ್ಟಿ ಬಡಿಯೋದೂ ಹುಟ್ಟತ ಯಾರೂ ಕಲ್ತಿರಂಗಿಲ್ಲಲ್ರಿ ಕಾಕಾ."

ನನ್ನ ಫೋನಿನಲ್ಲೇ ಆ ನಂಬರ್ ಒತ್ತಿದಳು. ಒಂದು ಪುಟ ತೆರೆದು ಹೆಸರು, ಪಾಸ್‌ವರ್ಡ್ ಕೇಳಿತು. ವೈಫೈ ಡಬ್ಬಿ ತಿರುಗಿಸಿ ಅದರ ಬೆನ್ನಿನ ಚೀಟಿ ನೋಡಿ ಹಾಕಿದಳು. ಬಾಗಿಲು ತೆರೆದಂತೆ ತೆರೆಯಿತು. "ಕೀಲಿ ಹಾಕಿ ಕೀಲಿಕೈ ಬಾಗಿಲಿಗೇ ತೂಗ ಹಾಕಿದಂಗ ಆಗ್ಯದ. ಆಮ್ಯಾಲ ಬದಲ ಮಾಡೂಣ" ಎಂದಳು. ಆಮೇಲೆ ಒಂದು ಪಟ್ಟಿ ತೋರಿಸಿದಳು. ನಮ್ಮ ವೈಫೈಗೆ ಏನೇನು ಕೂಡಿಕೊಂಡಿದೆ ಎಂಬ ಪಟ್ಟಿ. ಕೊನೆಯ ಅಂಕಿ ಒಂದು ಅಂದರೆ ಆ ಡಬ್ಬಿಯೇ, ಮನೆಯ ಯಜಮಾನ. ಎರಡು ನನ್ನ ಫೋನು, ಮೂರು ಕಮಲಾಳ ಟ್ಯಾಬು, ನಾಲ್ಕು ಟಿವಿ.

"ಈ ಐದು ಯಾರ್ರಿ?"

ನಾನು ಎದ್ದು ನಿಂತೆ. "ನೋಡು! ನಾ ಹೇಳ್ಲಿಲ್ಲ? ಕಳ್ಳ ಸಿಕ್ಕ!"

"ಕುಂದರ್ರಿ ಕಾಕಾ" ಎಂದು ಜಗದೇವಿ ಹೊರಗೆ ಹೋದಳು. ಹೋಗಿ ಕಂಪೌಂಡಿನ ಹತ್ತಿರ ಒಂದು ಪ್ಲಗ್ ಕಿತ್ತು ಬಂದಳು. ಪುಟವನ್ನು ಮತ್ತೆ ತೆರೆದಾಗ ಐದು ಅಲ್ಲಿರಲಿಲ್ಲ.

ಅದು ನನ್ನದೇ ಕ್ಯಾಮೆರಾ! ಯಾರೋ ನುಗ್ಗೆಕಾಯಿ ಕಿತ್ತುಕೊಂಡು ಹೋಗುತ್ತಾರೆ ಎಂದು ಒಂದು ತಿಂಗಳ ಕೆಳಗೆ ನಾನೇ ಹಾಕಿಸಿದ್ದು. ಅದರ ಮುಖ ಜಗದೇವಿಯ ಬಾಗಿಲ ಕಡೆಗೇ ಇತ್ತು, ಅದೂ ನಾನೇ ತಿರುಗಿಸಿದ್ದು. ಹಗಲೂ ರಾತ್ರಿ ಅವಳ ಅಂಗಳದ ಚಿತ್ರವನ್ನು ಎಲ್ಲಿಗೋ ಕಳಿಸುತ್ತ, ಕಮಲಾಳ ಮಾತಿನ ದಾರಿಯನ್ನೆಲ್ಲ ಅದೇ ತುಂಬಿಕೊಂಡಿತ್ತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದ ಗಾದೆಯ ಮನುಷ್ಯ ನಾನೇ ಎಂದು ಆವತ್ತು ಗೊತ್ತಾಯಿತು.

ನಾಲ್ಕಕ್ಕೆ ಮೇಡಂ ಬಂದರು. "ನೀರು" ಎಂದರೆ ಪೂರ್ತಿ ನೀರು. ತುಟಿ ಹೇಗೆ ದುಂಡಾಗುತ್ತದೆ, ನಾಲಗೆ ಎಲ್ಲಿ ತಾಗುತ್ತದೆ ಎಲ್ಲ ಕಾಣಿಸಿತು. ಕಮಲಾ ಅರ್ಧ ಗಂಟೆ ಕಣ್ಣು ಕದಲಿಸದೆ ಕೂತಳು. ನಾನು ತಿರುಗಿ ನೋಡಿದಾಗ ಜಗದೇವಿ ಹೋಗಿಬಿಟ್ಟಿದ್ದಳು. ಅಡುಗೆ ಮನೆಯಲ್ಲಿ ಬುಧವಾರದಿಂದ ಹಾಗೇ ಇದ್ದ ಚಹಾದ ಕಪ್ಪನ್ನು ತೊಳೆದಿಟ್ಟು ಹೋಗಿದ್ದಳು.

ಸಂಜೆ ಹೋಗಿ, "ಉಪಕಾರ ಆತು ಜಗದೇವಿ" ಎಂದೆ. ತಪ್ಪಾಯಿತು ಎಂದು ಮಾತ್ರ ನನ್ನ ಬಾಯಲ್ಲಿ ಬರಲಿಲ್ಲ. ಅವಳು ಕೇಳಲೂ ಇಲ್ಲ. ಹೀಗೆ ಐದು ವಾರ ಕಳೆದವು. ಒಂದು ದಿನ ಡಬ್ಬಿ ತರಲು ಹೋದಾಗ, ಒಳಗೆ ಉಣ್ಣುತ್ತಿದ್ದವನೊಬ್ಬ ನಗುತ್ತ ಕೇಳಿದ್ದು ಹೊರಗಿನಿಂದಲೇ ನನ್ನ ಕಿವಿಗೆ ಬಿತ್ತು. "ಏನ್ ಜಗದೇವಿ, ಇನ್ನೂ ಸರ್ವೇರ್ ಕಾಕಾನ ನೆಟ್ ಮ್ಯಾಲೇ ನಡಸೀಯೇನು?"

ಉಳಿದವರು ನಕ್ಕರು. ಜಗದೇವಿ ನಗಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆಡಿದ ಮಾತು ಎಲ್ಲಿಗೂ ಹೋಗಿರಲಿಲ್ಲ, ಅವಳ ಖಾನಾವಳಿಯಲ್ಲೇ ದಿನಾ ಕೂತು ಉಣ್ಣುತ್ತಿತ್ತು. ಡಬ್ಬಿ ತೆಗೆದುಕೊಳ್ಳದೆ ಹಿಂದಿರುಗಿದೆ. ಆ ಸಂಜೆ ಕಮಲಾಗೆ ಎಲ್ಲ ಹೇಳಿದೆ. ಅವಳು ನನ್ನನ್ನೇ ನೋಡಿ, ಕೋಲಿನಿಂದ ಜಗದೇವಿಯ ಮನೆಯ ಕಡೆ ತೋರಿಸಿದಳು.

ಮರುದಿನ ಮಧ್ಯಾಹ್ನ, ಖಾನಾವಳಿ ತುಂಬಿದ್ದಾಗ ಹೋದೆ. ಕಮಲಾಳೂ ಬಂದಳು, ಅವಳನ್ನು ಬಾಗಿಲ ಹತ್ತಿರ ಕುರ್ಚಿಯ ಮೇಲೆ ಕೂಡಿಸಿದೆ. ಪಂಚನಾಮೆ ಮಾಡಿ ಅಭ್ಯಾಸವಾದವನು, ಎಲ್ಲರ ಮುಂದೆ ನಿಂತು ಗಂಟಲು ಸರಿ ಮಾಡಿಕೊಂಡೆ.

"ನೀವೆಲ್ಲಾ ಪಂಚರು. ಆವತ್ತು ನಾ ಈಕಿಗಿ ಕಳ್ಳಿ ಅಂದೆ. ಅದು ಸುಳ್ಳು. ನನ್ನ ಅಳತಿ ತಪ್ಪಿತ್ತು. ಜಗದೇವಿ, ನಂದು ತಪ್ಪಾತವ್ವಾ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಮೂವತ್ತು ವರ್ಷ ಒಮ್ಮೆಯೂ ಆಡದ ಮಾತು ಒಮ್ಮೆ ಹೊರಗೆ ಬಂದ ಮೇಲೆ ನಿಲ್ಲಲೊಲ್ಲದು. ಸರ್ವೆ ನಂಬರ್ ಒಂದು ಎಲ್ಲ ಊರಲ್ಲೂ ಹೇಗಿರುತ್ತದೆ ಎಂದು ವಿವರಿಸಿದೆ. ಒಳಗಿನ ನಂಬರ್, ಹೊರಗಿನ ನಂಬರ್ ಎಂದೆ. ಕ್ಯಾಮೆರಾದ ಕಥೆ ಹೇಳಿದೆ. ಮತ್ತೆ ತಪ್ಪಾಯಿತು ಎಂದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ಮತ್ತೆ ಮಾದನಹಿಪ್ಪರಗಾದಿಂದ ಶುರು ಮಾಡಿದೆ. ಎಲ್ಲರ ತಟ್ಟೆಯಲ್ಲಿ ರೊಟ್ಟಿ ಆರುತ್ತಿತ್ತು. ಜಗದೇವಿ, "ಇರ್ಲಿ ಬಿಡ್ರಿ ಕಾಕಾ, ಇರ್ಲಿ ಬಿಡ್ರಿ" ಅನ್ನುತ್ತಲೇ ಇದ್ದಳು.

ಆಗ ಬಾಗಿಲ ಕಡೆಯಿಂದ ಒಂದು ದನಿ ಬಂತು.

"ಸಾಕು."

ಎಲ್ಲರೂ ತಿರುಗಿದರು. ನಾನೂ ತಿರುಗಿದೆ. ಕಮಲಾ ಕುರ್ಚಿಯ ಮೇಲೆ ನೆಟ್ಟಗೆ ಕೂತು ನನ್ನನ್ನೇ ನೋಡುತ್ತಿದ್ದಳು. ಆರು ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು. ಜಗದೇವಿ ಹಿಟ್ಟಿನ ಕೈಯಲ್ಲೇ ಓಡಿಹೋಗಿ ಅವಳ ಮುಖ ಹಿಡಿದಳು. "ಕಾಕು, ಇನ್ನೊಮ್ಮಿ ಅನ್ರಿ! ಇನ್ನೊಮ್ಮಿ!"

ಕೆನ್ನೆಗೆ ಹಿಟ್ಟು ಮೆತ್ತಿಕೊಂಡ ನನ್ನ ಹೆಂಡತಿ, ನನ್ನ ಮೇಲಿಂದ ಕಣ್ಣು ತೆಗೆಯದೆ, ಇನ್ನಷ್ಟು ಗಟ್ಟಿಯಾಗಿ ಹೇಳಿದಳು: "ಸಾಕು."

ಮೇಡಂ ಕೊಟ್ಟ ಪಟ್ಟಿಯಲ್ಲಿ ನೀರು, ಊಟ, ಮನೆ ಎಲ್ಲ ಇದ್ದವು. ಆ ಮಾತು ಇರಲಿಲ್ಲ. ಅವಳು ಅಂದು ಚೌಕಟ್ಟು ಹಿಡಿದು "ಸಾ... ಸಾ..." ಎಂದಾಗ ಕೇಳಿದ್ದು ಚಹಾ ಅಲ್ಲ ಎಂದು ನನಗೆ ಆಗ ತಿಳಿಯಿತು.

ಈಗ ಕಮಲಾ ಸಣ್ಣ ಸಣ್ಣ ವಾಕ್ಯ ಆಡುತ್ತಾಳೆ, ನನ್ನನ್ನು ಬೈಯುವಷ್ಟು ಮಾತು ಬಂದಿದೆ. ಕ್ಯಾಮೆರಾ ಅಟ್ಟದ ಮೇಲಿದೆ. ರೂಟರಿನ ಪುಟ ತೆರೆಯಲು ನಾನೂ ಕಲಿತಿದ್ದೇನೆ, ಜಗದೇವಿಯ ವಹಿ ನೋಡಿ. ನಾನು ಬೀದಿಯಲ್ಲಿ ನಿಂತು ಕೂಗುತ್ತಿದ್ದಾಗಲೇ ನನ್ನ ಹೆಂಡತಿ ಆಡಲು ಹೊರಟ ಮಾತು, ನನ್ನ ಕಿವಿ ಮುಟ್ಟಲು ಒಂದೂವರೆ ತಿಂಗಳು ಹಿಡಿಯಿತು. ಅದಕ್ಕೆ ದಾರಿ ಮಾಡಿಕೊಟ್ಟವಳು, ಆ ಹೊತ್ತು ನಾನು ಯಾರನ್ನು ಕಳ್ಳಿ ಎಂದು ಕೂಗುತ್ತಿದ್ದೆನೋ ಅವಳೇ.