ಸ್ಪ್ಯಾನಿಷ್ ಚೌಕದಲ್ಲಿ ಕೇಸರಿಬಾತ್

ಅಣ್ಣ ನನಗೆ ಮಾತು ಕೊಟ್ಟಿದ್ದ. ಓದು ಮುಗಿಯುವವರೆಗೆ ಹೆಣ್ಣು ನೋಡಲು ಬಂದ ಯಾರ ಮುಂದೆಯೂ ನನ್ನನ್ನು ಕೂರಿಸುವುದಿಲ್ಲ ಎಂದು, ನಾನು ಮೈಸೂರು ಬಿಡುವ ಮೊದಲೇ ಕಾಗದ ಬರೆದಿದ್ದ. ಅದನ್ನು ನಂಬಿಯೇ ನಾನು ಅಮೆರಿಕಕ್ಕೆ, ಕೆಂಡಲ್ ಪಾರ್ಕ್ ಎಂಬ ಊರಿನ ಅವನ ಮನೆಗೆ ಬಂದದ್ದು. ಅಲ್ಲಿಂದ ದಿನವೂ ಬಸ್ಸಿನಲ್ಲಿ ಹೋಗಿಬಂದು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ಆಗ ನನಗೆ ಹಳೆಯ ಊರುಗಳ ಹುಚ್ಚು. ಸ್ಪೇನಿನವರು ಅಮೆರಿಕದಲ್ಲಿ ಊರು ಕಟ್ಟುವಾಗ ಮೊದಲು ನಡುವೆ ಒಂದು ಚೌಕ ಬಿಟ್ಟು, ಆಮೇಲೆ ಅದರ ಸುತ್ತ ಚರ್ಚು, ಗವರ್ನರನ ಮನೆ, ಬೀದಿಗಳನ್ನು ಮಾಡುತ್ತಿದ್ದರು ಎಂದು ಓದಿದ್ದೆ. ಊಟದ ಹೊತ್ತಿಗೆ ಅದನ್ನೇ ಹೇಳಿ ಅಣ್ಣ ಅತ್ತಿಗೆಯ ತಲೆ ತಿನ್ನುತ್ತಿದ್ದೆ. ಕ್ರಿಸ್‌ಮಸ್ ರಜೆಯಲ್ಲಿ ಫ್ಲಾರಿಡಾದ ಒಂದು ಪುಟ್ಟ ಊರಿಗೆ ಹೋಗೋಣ, ನಿನ್ನ ಚೌಕವನ್ನು ಕಣ್ಣಾರೆ ನೋಡುವೆಯಂತೆ ಎಂದು ಅಣ್ಣ ಅಂದಾಗ ನನಗೆ ಅಳು ಬರುವಷ್ಟು ಸಂತೋಷವಾಯಿತು. ಎರಡು ದಿನದ ಡ್ರೈವು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಕೂತು ನಕ್ಷೆ ಬರೆದುಕೊಂಡೆ.

ಚೌಕಕ್ಕೆ ಹೋಗುವ ದಿನ ಬೆಳಿಗ್ಗೆ ಅತ್ತಿಗೆ ಮೋಟೆಲಿನ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಹಾಟ್‌ಪ್ಲೇಟಿನ ಮೇಲೆ ಉಪ್ಪಿಟ್ಟು, ಕೇಸರಿಬಾತ್ ಮಾಡಿದರು. ಆಗ ರವೆ ಎಲ್ಲಿ ಸಿಗಬೇಕು? ಇಲ್ಲಿಯವರು ಗಂಜಿ ಕಾಯಿಸುವ ಗೋಧಿ ತರಿಯೇ ಗತಿ. ಇಷ್ಟೊಂದು ಯಾಕೆ ಎಂದು ಕೇಳದೆ ನಾನು ಪಾತ್ರೆಯ ತಳ ಕೆರೆದು ತಿಂದೆ. ರೇಷ್ಮೆ ಸೀರೆ ಉಟ್ಟುಕೋ, ಫೋಟೋ ತೆಗೆದು ಅಮ್ಮನಿಗೆ ಕಳಿಸೋಣ ಎಂದರು. ಉಟ್ಟುಕೊಂಡೆ. ಉಪ್ಪಿಟ್ಟು, ಕೇಸರಿಬಾತ್, ಮನೆಯ ಹುಡುಗಿಗೆ ರೇಷ್ಮೆ ಸೀರೆ, ಇವು ಒಟ್ಟಿಗೆ ಬಂದರೆ ಏನರ್ಥ ಎಂದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಎಂ.ಎ. ಓದುತ್ತಿದ್ದ ಪೆದ್ದಿಗೆ ಹೊಳೆಯಲಿಲ್ಲ.

ಚೌಕ ಪುಸ್ತಕದಲ್ಲಿದ್ದ ಹಾಗೇ ಇತ್ತು. ಉದ್ದ ಹೆಚ್ಚು, ಅಗಲ ಕಡಿಮೆ, ಒಂದು ಬದಿಗೆ ಚರ್ಚು, ತುದಿಯಲ್ಲಿ ನೀರು. ನಾನು ನೆರಿಗೆ ಎತ್ತಿ ಹಿಡಿದು ಹೆಜ್ಜೆ ಎಣಿಸುತ್ತಾ ಅಳೆಯತೊಡಗಿದೆ. ನೂರು ದಾಟಿತ್ತೋ ಏನೋ, ಓಕ್ ಮರದ ಕೆಳಗೆ ಒಂದು ಸೀರೆ ಕಂಡಿತು, ಕನ್ನಡ ಕೇಳಿಸಿತು.

ಆಗೆಲ್ಲ ಹೊರಗೆ ನಮ್ಮವರ ಮುಖ ಕಂಡರೆ ರಸ್ತೆ ದಾಟಿ ಹೋಗಿ ಮಾತಾಡಿಸಿ, ಗುರುತಿಲ್ಲದಿದ್ದರೂ ಊಟಕ್ಕೆ ಕರೆಯುತ್ತಿದ್ದೆವು. ಎಣಿಕೆ ಬಿಟ್ಟು ಓಡಿದೆ. ವಯಸ್ಸಾದ ಗಂಡ ಹೆಂಡತಿ, ಜೊತೆಗೆ ಇಂಜಿನಿಯರ್ ಮಗ. ನಾನೇ ಆಕೆಯ ಕೈ ಹಿಡಿದು ಅಣ್ಣ ಅತ್ತಿಗೆ ಕೂತಿದ್ದ ಬೆಂಚಿಗೆ ಕರೆತಂದೆ. ನಾನೇ ಡಬ್ಬಿ ಬಿಚ್ಚಿ ಉಪ್ಪಿಟ್ಟು, ಕೇಸರಿಬಾತನ್ನು ಕಾಗದದ ತಟ್ಟೆಗಳಿಗೆ ಬಡಿಸಿದೆ. ಹಾಡು ಬರುತ್ತಾ ಎಂದು ಆಕೆ ಕೇಳಿದಾಗ, ಪಾಪ, ಕನ್ನಡದ ಹಾಡು ಕೇಳಿ ಎಷ್ಟು ದಿನವಾಯಿತೋ ಎಂದುಕೊಂಡು ಒಂದು ದೇವರನಾಮವನ್ನೂ ಹಾಡಿಬಿಟ್ಟೆ.

ಹಾಡು ಮುಗಿದ ಮೇಲೆ ಆಕೆ ಅತ್ತಿಗೆಯ ಕಡೆ ತಿರುಗಿದರು. "ನೀವು ಕಳಿಸಿದ್ದ ಫೋಟೋಗಿಂತ ಲಕ್ಷಣವಾಗಿದಾಳೆ ಕಣ್ರೀ."

ನಾನು ಆ ಹುಡುಗನನ್ನೇ ನಿಮಗೆ ಗೊತ್ತಿತ್ತಾ ಎಂದು ಕೇಳಿದೆ. ನಿಮಗೂ ಗೊತ್ತಿದೆ ಅಂದುಕೊಂಡಿದ್ದೆ ಎಂದು ತಟ್ಟೆ ಕೆಳಗಿಟ್ಟ. ಅಷ್ಟು ಜನರಲ್ಲಿ ನಾಚಿಕೆಪಟ್ಟವನು ಅವನೊಬ್ಬನೇ. ಅತ್ತಿಗೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು. ಅಣ್ಣ ಅಲ್ಲಿದ್ದ ಹಳೆಯ ಫಿರಂಗಿಯ ಪಕ್ಕದ ಫಲಕವನ್ನು ಓದುತ್ತಿದ್ದ, ಜನ್ಮದಲ್ಲಿ ಇತಿಹಾಸ ಓದದವನು.

ಬಂದವರ ಮೇಲೆ ನನಗೆ ಸಿಟ್ಟಿರಲಿಲ್ಲ. ನನಗೆ ಯಾವುದರ ಮೇಲೆ ಪ್ರಾಣವೋ ಅದನ್ನೇ ತೋರಿಸುತ್ತೇನೆಂದು ಹೇಳಿ ಅಣ್ಣ ನನ್ನನ್ನು ಮಂಗ ಮಾಡಿದ್ದ. ಸಿಟ್ಟು ಬಂದದ್ದು ಅದಕ್ಕೆ. ಅವರು ಹೋದ ಮೇಲೆ ಕಾರಿನ ಹತ್ತಿರ, ಮಾತು ಕೊಟ್ಟಿದ್ದೆಯಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀನು ಬರ್ತಿರ್ಲಿಲ್ಲ," ಅಂದ.

"ಬರ್ತಿರ್ಲಿಲ್ಲ. ಅದಕ್ಕೇ ಹೇಳ್ಬೇಕಿತ್ತು."

ಸಂಬಂಧ ಬೇಡವೆಂದೆ. ಜನವರಿಯಲ್ಲಿ ಅವನ ಮನೆ ಬಿಟ್ಟು, ಕಾಲೇಜಿನ ಹತ್ತಿರ ಇಬ್ಬರು ಹುಡುಗಿಯರ ಜೊತೆ ರೂಮು ಮಾಡಿದೆ. ಅಣ್ಣನಿಗೆ ಈಗ ಎಂಬತ್ತು ದಾಟಿದೆ. ಇವತ್ತಿಗೂ ಆ ವಿಷಯ ಬಂದರೆ, ಆ ಹುಡುಗನಲ್ಲಿ ಏನು ಕಮ್ಮಿ ಇತ್ತು ಹೇಳು ಎನ್ನುತ್ತಾನೆ. ಏನೂ ಕಮ್ಮಿ ಇರಲಿಲ್ಲ ಎಂದು ನಾನೂ ಪ್ರತಿ ಸಲ ಹೇಳುತ್ತೇನೆ.

"ಮತ್ತೆ?" ಅನ್ನುತ್ತಾನೆ.